ಶನಿವಾರದ ಟೀಚರು

ಮೊನ್ನೆ ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಬರುವ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆಯನ್ನು ನನ್ನ ಕಾಲ ಬಳಿ ತಂದು ಇಟ್ಟರು. ಆ ಹಸಿ ಸೊಪ್ಪಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ; ರೇಷ್ಮೆ ಹುಳ ಸಾಕುವ ಊರಿನವರಿಗೆ ಅದು ಮನೆಯದೇ ವಾಸನೆ. ಕಾಲು ಚಾಚಲು ಜಾಗವಿಲ್ಲವೆಂದು ಜಗಳ ತೆಗೆಯಲು ಹೊರಟಿದ್ದವಳು ಸುಮ್ಮನಾದೆ. ರೆಡ್ಡೆಮ್ಮ ನೆನಪಾದಳು.

ರಾಯಲ್ಪಾಡಿನ ಕಡೆಯ ನಮ್ಮೂರಿನ ಶಾಲೆಯಲ್ಲಿ ನಾವಿಬ್ಬರೂ ಏಳನೇ ಕ್ಲಾಸು. ಎಪ್ಪತ್ತರ ದಶಕದ ಮಾತು. ಮುಕ್ಕಾಲು ಪಾಲು ಮಕ್ಕಳ ಮನೆಮಾತು ತೆಲುಗು, ಪಾಠವೆಲ್ಲ ಕನ್ನಡದಲ್ಲಿ. ರೆಡ್ಡೆಮ್ಮ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ಹಾಜರಿ ಕೂಗಿದಾಗ ಓಗೊಡುವುದು ಬಿಟ್ಟರೆ ಅವಳ ದನಿ ಕೇಳಿದವರಿಲ್ಲ. ನಾನೋ ಮೊದಲ ಸಾಲು, ಮೊದಲ ನಂಬರು, ಕೇಳದಿದ್ದರೂ ಉತ್ತರ. ಜೊತೆಗೆ ಶಾನುಭೋಗರ ಮಗಳು. ಶಾನುಭೋಗಿಕೆ ಹೋಗಿ ಎಷ್ಟೋ ವರ್ಷವಾಗಿದ್ದರೂ ಊರು ಅಪ್ಪನನ್ನು ಹಾಗೆಯೇ ಕರೆಯುತ್ತಿತ್ತು. ಮೇಲಿನವರಿಗೆ ದೂರಿನ ಅರ್ಜಿ ಬರೆಯುವುದರಲ್ಲಿ ಅವರದು ಎತ್ತಿದ ಕೈ.

ಆ ವರ್ಷ ಹಾಸನದ ಕಡೆಯಿಂದ ಪುಟ್ಟಸ್ವಾಮಿ ಮೇಷ್ಟ್ರು ಬಂದರು. ತೆಲುಗು ಒಂದಕ್ಷರ ಬಾರದು. ಬಂದ ತಿಂಗಳಲ್ಲೇ ಹೊಸದೊಂದು ಕ್ರಮ ಶುರು ಮಾಡಿದರು. ಪ್ರತಿ ಶನಿವಾರ ನಮ್ಮಲ್ಲೊಬ್ಬರು ಅವರ ಕುರ್ಚಿಯಲ್ಲಿ ಕೂತು ಪಾಠ ಮಾಡಬೇಕು. ಅವರು ನಮ್ಮ ಜೊತೆ ನೆಲದ ಮೇಲೆ ಕೂರುತ್ತಾರೆ. "ಪುಸ್ತಕದಲ್ಲಿರೋದು ಬೇಡ. ನಿಮ್ಮನೇಲಿ ನಿಮಗೆ ಗೊತ್ತಿರೋದು ಹೇಳಿ. ನನಗೆ ಗೊತ್ತಿಲ್ಲದ್ದಾದ್ರೆ ಇನ್ನೂ ಒಳ್ಳೇದು" ಎಂದರು.

ಮೊದಲ ಸರದಿಯನ್ನು ನಾನು ಕೇಳಿ ಪಡೆದೆ. ರಾಜ್ಯಗಳನ್ನೂ ರಾಜಧಾನಿಗಳನ್ನೂ ಗಡಗಡನೆ ಒಪ್ಪಿಸಿದೆ. ಮೇಷ್ಟ್ರು ನೆಲದಿಂದ ಕೈ ಎತ್ತಿ, "ಟೀಚರ್, ಇದು ಪುಸ್ತಕದಲ್ಲೇ ಇದೆಯಲ್ಲ?" ಎಂದರು. ಕ್ಲಾಸೆಲ್ಲ ನಕ್ಕಿತು. ಆ ನಗು ಈ ವಯಸ್ಸಿನಲ್ಲೂ ಚುಚ್ಚುತ್ತದೆ ಎಂದರೆ ನೀವೂ ನಗುತ್ತೀರಿ. ನಗಿ.

ಮುಂದೊಂದು ಶನಿವಾರ ರೆಡ್ಡೆಮ್ಮನ ಸರದಿ. ಕುರ್ಚಿಯ ತುದಿಯಲ್ಲಿ ಕೂತಳು. ಲಂಗದ ಅಂಚನ್ನೇ ಹಿಂಡುತ್ತಾ ಶುರು ಮಾಡಿದಳು.

"ಹುಳಕ್ಕೆ ನಾಲ್ಕು ಸಲ ಜ್ವರ ಬರ್ತೈತೆ ಸಾ. ಆವಾಗ ತಲೆ ಎತ್ಕೊಂಡು ಅಲ್ಲಾಡ್ದೆ ಇರ್ತೈತೆ. ಆಕು ಎಯ್ಯಕೂಡದು."

ಮೇಷ್ಟ್ರು ಕೈ ಎತ್ತಿದರು. "ಹಂಗಂದ್ರೇನು ಟೀಚರ್?"

"ಸೊಪ್ಪು ಹಾಕ್ಬಾರ್ದು ಸಾ. ಪೊರೆ ಬಿಟ್ಟು ಎದ್ದಾದ್ಮೇಲೆ ಅದೇ ತಿಂತೈತೆ."

ಮೇಷ್ಟ್ರು ಅದನ್ನು ಬರೆದುಕೊಂಡರು. ತನ್ನ ಮಾತನ್ನು ಮೇಷ್ಟ್ರೇ ಬರೆದುಕೊಳ್ಳುವುದನ್ನು ನೋಡಿ ಅವಳ ಮುಖ ಅರಳಿತು. ಆಮೇಲೆ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಗಂಟೆ ಹೊಡೆಯುವವರೆಗೂ ಹೇಳಿದಳು. ಮುಂದಿನ ಎರಡು ಶನಿವಾರವೂ ಕ್ಲಾಸು ಅವಳನ್ನೇ ಕೇಳಿತು. ಅಷ್ಟರಲ್ಲಿ ಅವಳು ಎರಡನೇ ಸಾಲಿಗೆ ಬಂದಿದ್ದಳು, ಲೆಕ್ಕದ ಪಾಠದಲ್ಲೂ ಕೈ ಎತ್ತುತ್ತಿದ್ದಳು.

ನನಗೆ ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ. ಒಂದು ದಿನ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ: "ಶನಿವಾರ ಮೇಷ್ಟ್ರು ಪಾಠಾನೇ ಮಾಡಲ್ಲಪ್ಪ. ನೆಲದ ಮೇಲೆ ಕೂತಿರ್ತಾರೆ. ರೆಡ್ಡೆಮ್ಮ ಕುರ್ಚಿ ಮೇಲೆ ಕೂತ್ಕೊಂಡು ತೆಲುಗಲ್ಲಿ ಹುಳದ ಕತೆ ಹೇಳ್ತಾಳೆ." ಒಂದು ಮಾತೂ ಸುಳ್ಳಿರಲಿಲ್ಲ. ಆದರೆ ಅಪ್ಪ ಕೈ ತೊಳೆದು ನೇರ ಪೆನ್ನು ಹುಡುಕುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ತಿಂಗಳೊಳಗೆ ಮೇಷ್ಟ್ರಿಗೆ ದೂರದ ಊರಿಗೆ ವರ್ಗವಾಯಿತು. ಅವರು ಹೊರಟ ಮರುದಿನದಿಂದ ರೆಡ್ಡೆಮ್ಮ ಶಾಲೆಗೆ ಬರಲಿಲ್ಲ. ಮನೆಯಲ್ಲಿ ಹುಳದ ಕೆಲಸಕ್ಕೆ ಜನ ಬೇಕಿರಬೇಕು ಎಂದುಕೊಂಡೆ, ಹಾಗೆಂದುಕೊಳ್ಳುವುದು ಅನುಕೂಲವಾಗಿತ್ತು. ಮುಂದಿನ ವರ್ಷ ನಾವು ಊರು ಬಿಟ್ಟೆವು. ಎಂಬತ್ತರ ದಶಕದಲ್ಲಿ ನಾನೇ ಕೋಲಾರದಲ್ಲಿ ಟೀಚರಾದೆ. ತರಬೇತಿಯೊಂದರಲ್ಲಿ, ಮಕ್ಕಳು ಮಾತಾಡುವಂತೆ ಮಾಡುವುದು ಹೇಗೆ ಎಂದು ಕೇಳಿದಾಗ, ಪುಟ್ಟಸ್ವಾಮಿ ಮೇಷ್ಟ್ರ ಶನಿವಾರವನ್ನು ನನ್ನದೇ ಉಪಾಯವೆಂಬಂತೆ ವಿವರಿಸಿ ಚಪ್ಪಾಳೆ ಗಿಟ್ಟಿಸಿದೆ. ನಾಚಿಕೆಯಾಗುತ್ತದೆ.

ಮೊನ್ನೆ ಶ್ರೀನಿವಾಸಪುರದಲ್ಲಿ ಇಳಿದವಳು ಮನೆಗೆ ಹೋಗದೆ ನಮ್ಮೂರಿನ ಬಸ್ಸು ಹತ್ತಿದೆ. ರೆಡ್ಡೆಮ್ಮನ ಮನೆ ಕೇಳಿಕೊಂಡು ಹೋದೆ. ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು, "ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದು ಚಾಪೆ ಹಾಸಿ ಕಾಫಿ ಕೊಟ್ಟಳು. ಶಾಲೆ ಯಾಕೆ ಬಿಟ್ಟೆ ಎಂದು ಕೇಳಿದೆ.

"ನಾನು ಕುರ್ಚಿ ಮೇಲೆ ಕೂತು ತೆಲುಗು ಮಾತಾಡಿದ್ದಕ್ಕೇ ಮೇಷ್ಟ್ರನ್ನ ಕಳಿಸಿಬಿಟ್ರು ಅಂತ ಊರೆಲ್ಲ ಅಂದ್ರು. ಅವರ ಅನ್ನಕ್ಕೆ ಕಲ್ಲು ಹಾಕ್ದೆ ಅನ್ನೋ ಸಂಕಟ. ಯಾವ ಮುಖ ಇಟ್ಕೊಂಡು ಬರ್ಲಿ ಅಮ್ಮ?"

ಅಪ್ಪನಿಗೆ ನಾನು ಹೇಳಿದ್ದನ್ನು ಹೇಳಿದೆ. ಊಟದ ಹೊತ್ತು, ಹೊಟ್ಟೆಕಿಚ್ಚು, ಅರ್ಜಿ, ಎಲ್ಲವನ್ನೂ. ಅವಳು ನನ್ನ ಕಾಫಿ ಲೋಟ ತೆಗೆದು ಪಕ್ಕಕ್ಕಿಟ್ಟಳು. ಕೋಪ ಬರಲಿ ಎಂದು ಕಾದೆ. ಬರಲಿಲ್ಲ.

"ಆವಾಗ್ಲೇ ಒಂದ್ ಮಾತು ಹೇಳಿದ್ರೆ," ಎಂದಳು ನಿಧಾನವಾಗಿ, "ನಾನು ಸ್ಕೂಲಿಗೆ ಬರ್ತಿದ್ದೆ ಕಣೇ."