ಓಬಕ್ಕನ ಪಥ್ಯ

ನಮ್ಮೂರಲ್ಲಿ ಯಾರಾದರೂ ಜಗ್ಗದೆ ಹಟ ಹಿಡಿದರೆ ‘ಓಬಕ್ಕನ ಪಥ್ಯ ಆಯ್ತಲ್ಲ ನಿಂದು’ ಎನ್ನುವ ಮಾತಿದೆ. ಊರಿಗೆ ಹೊಸದಾಗಿ ಬಂದ ಸೊಸೆಯರು ಓಬಕ್ಕ ಯಾರೆಂದು ತಿಳಿಯದೆಯೇ ಅದನ್ನು ಬಳಸುತ್ತಾರೆ, ನಗುತ್ತಾರೆ. ಓಬಕ್ಕ ನನ್ನ ಸೋದರತ್ತೆ, ನಮ್ಮಪ್ಪನ ಒಡಹುಟ್ಟಿದ ಅಕ್ಕ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಉರಿದು ಪ್ರಯೋಜನವಿಲ್ಲ ಎಂದು ಈಗ ಬರೆಯಲು ಕುಳಿತಿದ್ದೇನೆ.

ನಮ್ಮೂರು ತೋವಿನಕೆರೆಯಿಂದ ಒಂದು ಹರದಾರಿ. ಅತ್ತೆಯನ್ನು ಕೊಟ್ಟಿದ್ದೂ ಊರೊಳಗೇ, ಪಾಲಣ್ಣ ಮಾವನಿಗೆ. ಮಾವ ವಯಸ್ಸಿನಲ್ಲಿ ಗಟ್ಟದ ಸೀಮೆಗೆ ಕೂಲಿಗೆ ಹೋಗಿ ಬಂದವನು. ಆಗೆಲ್ಲ ರಾಗಿ ಕಟಾವು ಮುಗಿಯುವ ಹೊತ್ತಿಗೆ ಮೇಸ್ತ್ರಿಗಳು ಬಂದು ಜನ ಕಟ್ಟಿಕೊಂಡು ಕಾಫಿ ತೋಟಗಳಿಗೆ ಹೋಗುತ್ತಿದ್ದರು. ಹೋದವರು ಯುಗಾದಿಗೆ ತಿರುಗಿ ಬರುತ್ತಿದ್ದರು. ಕೆಲವರು ನಾಲ್ಕು ಕಾಸು ತರುತ್ತಿದ್ದರು, ಬಹಳ ಜನ ಚಳಿಜ್ವರ ತರುತ್ತಿದ್ದರು. ಮಾವ ಜ್ವರದ ಜತೆಗೆ ಕಾಫಿ ಕುಡಿಯುವ ಚಾಳಿಯನ್ನೂ ತಂದ.

ಊರಿಗೇ ಮೊದಲ ಕಾಫಿ ಅದು. ತೋಟದಲ್ಲಿ ಆಯ್ದ ಉದುರು ಬೀಜವನ್ನು ಒಡೆದ ಮಡಕೆಯ ಓಡಿನ ಮೇಲೆ ಹುರಿದು, ರಾಗಿ ಬೀಸುವ ಕಲ್ಲಿನಲ್ಲೇ ಬೀಸಿ, ಬೆಲ್ಲ ಹಾಕಿ ಕುದಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸುವುದು. ಇಷ್ಟನ್ನೂ ಮಾವ ತಾನೇ ಮಾಡುತ್ತಿದ್ದ. ಗಂಡಸು ಒಲೆ ಮುಂದೆ ಕೂತು ಊದುವುದೆಂದರೆ ನಮ್ಮೂರಲ್ಲಿ ನಗೆಪಾಟಲು. ಮಾವನಿಗೆ ಅದರ ಖಬರೇ ಇರಲಿಲ್ಲ. ಹೊತ್ತು ಮೂಡುವ ಮೊದಲು ಎದ್ದು ಕಾಸಿ, ಮೊದಲ ಲೋಟವನ್ನು ಅತ್ತೆಗೆ ಕೊಟ್ಟು, ಆಮೇಲೆ ತಾನು ಕುಡಿಯುತ್ತಿದ್ದ. ಅವರಿಬ್ಬರೂ ಹೊಸಿಲ ಈಚೆ ಒಬ್ಬರು, ಆಚೆ ಒಬ್ಬರು ಕೂತು ಮಾತಿಲ್ಲದೆ ಕುಡಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗಂಡ ಹೆಂಡತಿ ಹಾಗೆ ಸುಮ್ಮನೆ ಕೂತಿದ್ದನ್ನು ನಮ್ಮ ಮನೆಗಳಲ್ಲಿ ನಾನು ಬೇರೆಲ್ಲೂ ನೋಡಲಿಲ್ಲ.

ಊರು ಸುಮ್ಮನಿರುತ್ತದೆಯೇ? ಕಾಫಿ ರಕ್ತ ಸುಡುತ್ತದೆ, ಪಿತ್ತ ನೆತ್ತಿಗೇರುತ್ತದೆ, ಹಸಿವು ಸಾಯುತ್ತದೆ, ನಿದ್ದೆ ಓಡುತ್ತದೆ ಎಂದು ತಲೆಗೊಂದು ಮಾತು. ಅತ್ತೆಗೆ ಮಕ್ಕಳಾಗಲಿಲ್ಲ. ಅದನ್ನೂ ಕಾಫಿಯ ತಲೆಗೇ ಕಟ್ಟಿದರು. ‘ಬಿಸಿ ಮಡಕೇಲಿ ಬೀಜ ಮೊಳೀತದೇನಮ್ಮ’ ಎಂದು ಹೆಂಗಸರು ನೀರಿನ ಬಾವಿಯ ಹತ್ತಿರ ಅನ್ನುತ್ತಿದ್ದರಂತೆ. ಅತ್ತೆ ಮನೆಗೆ ಬಂದು ಅತ್ತಿದ್ದಾಳೆ, ಮಾರನೇ ದಿನ ಮತ್ತೆ ಕುಡಿದಿದ್ದಾಳೆ. ನಾನು ಕಾಫಿಯ ಪರ ವಕಾಲತ್ತು ಹಾಕಲು ಕೂತಿಲ್ಲ. ಅದರಿಂದ ಮಾವನ ಊಟ ಎರಡು ಮುದ್ದೆಯಿಂದ ಒಂದಕ್ಕೆ ಇಳಿದಿದ್ದು ನಿಜ. ನನಗೂ ಎರಡನೇ ಲೋಟಕ್ಕೆ ಹುಳಿತೇಗು ಬರುತ್ತದೆ. ಆದರೆ ಚಳಿಜ್ವರ ಬಂದು ಹಲ್ಲು ಕಟಕಟ ಎನ್ನುವಾಗ ಮಾವನಿಗೆ ಬಿಸಿ ಕಾಫಿ ಗಂಟಲಿಗಿಳಿದರೆ ಮುಖದಲ್ಲಿ ಗೆಲುವು ಬರುತ್ತಿದ್ದುದೂ ಅಷ್ಟೇ ನಿಜ.

ಆ ಜ್ವರ ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದುದು ಬರಬರುತ್ತ ಹೋಗುವುದನ್ನೇ ಮರೆಯಿತು. ಹೊಟ್ಟೆಯ ಎಡಗಡೆ ಜ್ವರಗಡ್ಡೆ ಕಲ್ಲಿನಂತೆ ಬೆಳೆಯಿತು. ಸಾವಿರದ ಒಂಬೈನೂರ ಮೂವತ್ತನಾಲ್ಕನೇ ಇಸವಿ. ನಾನು ಆಗತಾನೆ ತೋವಿನಕೆರೆಯ ಶಾಲೆಗೆ ಮಾಸ್ತರನಾಗಿದ್ದೆ. ಮಾವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಅತ್ತೆಯೂ ನಾನೂ ಕೊರಟಗೆರೆಗೆ ಹೋದೆವು. ಅಲ್ಲಿ ನಾಗಲಿಂಗಯ್ಯ ಎನ್ನುವವರು, ಎಲ್ಲೋ ದೂರದಲ್ಲಿ ಕಾಂಪೌಂಡರ್ ಆಗಿದ್ದು ಬಿಟ್ಟು ಬಂದವರು, ಸ್ವಂತಕ್ಕೆ ಔಷಧದ ಅಂಗಡಿ ಇಟ್ಟಿದ್ದರು. ಕೈಗುಣ ಒಳ್ಳೆಯದೆಂದು ಹೆಸರು. ಅವರು ಮಾವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಏನೂ ಹೇಳದೆ ಒಂದು ಸೀಸೆಯಲ್ಲಿ ಕಹಿ ಔಷಧ ತುಂಬಿ, ಹೊತ್ತು ಹೊತ್ತಿನ ಅಳತೆಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿ ಕೊಟ್ಟರು.

ನಾವು ಗಾಡಿಯ ತನಕ ಬಂದಾಗಿತ್ತು. ಅತ್ತೆ ನಿಂತಳು.

“ಪಥ್ಯ ಹೇಳ್ನೇ ಇಲ್ವಲ್ಲ ಹನುಮ.”

“ಇಂಗ್ಲಿಷ್ ಔಷಧಕ್ಕೆ ಪಥ್ಯ ಇರಲ್ಲ ಅತ್ತೆ,” ಎಂದೆ.

“ಪಥ್ಯ ಇಲ್ದಿದ್ ಮದ್ದು ಎಲ್ಲಾದ್ರೂ ಹಿಡಿತದಾ?” ಎಂದು ತಿರುಗಿ ಹೋದಳು. ನಾನೂ ಹಿಂದೆ ಹೋದೆ. ನಾಗಲಿಂಗಯ್ಯನವರು ಆಗಲೇ ಬೇರೊಬ್ಬರ ಕೈ ಹಿಡಿದು ನಾಡಿ ನೋಡುತ್ತಿದ್ದರು. ಅತ್ತೆ ಕೇಳಿದ್ದಕ್ಕೆ ತಲೆಯೆತ್ತಿ ನಮ್ಮನ್ನು ನೋಡಿ, “ಏನೇನು ತಗೋತಾರೆ?” ಎಂದರು. ಅತ್ತೆ ರಾಗಿಮುದ್ದೆ, ಹುರುಳಿ ಸಾರು, ಮಜ್ಜಿಗೆ, ಕಾಫಿ ಎಂದಳು.

“ಕಾಫಿ ಬಿಡಿಸಿಬಿಡಿ,” ಎಂದರು ನಾಗಲಿಂಗಯ್ಯ.

ಅಷ್ಟೇ. ಅತ್ತೆಯ ಮುಖದಲ್ಲಿ ಆಗ ಧೈರ್ಯ ಕಂಡಿತು. ಊರೆಲ್ಲ ಹತ್ತು ವರ್ಷದಿಂದ ಅಂದದ್ದು ಸುಳ್ಳಲ್ಲ ಅನ್ನಿಸಿರಬೇಕು. ರೋಗಕ್ಕೆ ಒಂದು ಕಾರಣ ಸಿಕ್ಕಿತ್ತು, ತಡೆಯುವುದಕ್ಕೆ ಒಂದು ದಾರಿ ಸಿಕ್ಕಿತ್ತು.

ನಮ್ಮ ಕಡೆ ಪಥ್ಯ ಅಂದರೆ ಏನು ಎಂದು ಪಟ್ಟಣದವರಿಗೆ ತಿಳಿಯದು. ನಾಟಿ ಮದ್ದು ಒಂದು ಮಂಡಲ, ನಲವತ್ತೆಂಟು ದಿನ. ಅಷ್ಟರೊಳಗೆ ಪಥ್ಯ ಕೆಟ್ಟರೆ ಉಂಡ ಮದ್ದೆಲ್ಲ ವಿಷವಾಗಿ ತಿರುಗುತ್ತದೆ ಎಂದು ನಂಬಿಕೆ. ರೋಗಿ ಅತ್ತರೂ ಕರೆದರೂ ಕೊಡಬಾರದು. ಕೊಟ್ಟವರೇ ಕೊಂದ ಹಾಗೆ. ನಾಗಲಿಂಗಯ್ಯನವರ ಸೀಸೆಗೂ ಅತ್ತೆ ಅದೇ ಲೆಕ್ಕ ಹಿಡಿದಳು. ಅತ್ತೆ ಆ ದಿನವೇ ಕಾಫಿ ಬೀಜದ ಗಂಟನ್ನು ಪಕ್ಕದ ಮನೆಯ ಲಕ್ಕಮ್ಮನಿಗೆ ಕೊಟ್ಟುಬಿಟ್ಟಳು, ಮನೆಯಲ್ಲಿದ್ದರೆ ತನ್ನ ಕೈಯೇ ಸೋತೀತು ಎಂದು. ತಾನೂ ಕುಡಿಯುವುದನ್ನು ಬಿಟ್ಟಳು.

ಮೊದಲ ಮೂರು ದಿನ ಇಬ್ಬರಿಗೂ ತಲೆ ಸಿಡಿಯಿತು. ಕಾಫಿಯ ಚಟ ಇದ್ದವರು ತಟಕ್ಕನೆ ಬಿಟ್ಟರೆ ಹಾಗಾಗುತ್ತದೆ ಎಂದು ಈಗ ನನಗೆ ಗೊತ್ತು. ಅತ್ತೆ ಅದನ್ನು ಬೇರೆಯಾಗಿ ಓದಿಕೊಂಡಳು. “ನೋಡ್ದಾ ಹನುಮ, ಒಳಗಿದ್ದ ವಿಷ ಇಳೀತಾ ಅದೆ,” ಎಂದು ಮಾವನ ಹಣೆಗೆ ಬಟ್ಟೆ ಬಿಗಿದಳು.

ಮಾವ ದಿನಾ ಕೇಳುತ್ತಿದ್ದ. ಹಟ ಮಾಡಿ ಕೇಳುವ ಜಾತಿಯಲ್ಲ. ಬೆಳಗ್ಗೆ ಕಣ್ಣು ಬಿಟ್ಟು, “ಓಬೀ, ಒಸಿ ಕಾಸ್ತೀಯಾ?” ಎನ್ನುವುದು. ಅತ್ತೆ ಇಲ್ಲ ಎನ್ನುವುದು. “ಆಗ್ಲಿ ಬುಡು,” ಎಂದು ಗೋಡೆ ಕಡೆ ತಿರುಗುವುದು. ‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎನ್ನುವ ಪುಣ್ಯ ಅವನಿಗಿರಲಿಲ್ಲ. ಔಷಧದ ಕಹಿಗೆ ವಾಂತಿಯಾಗುತ್ತಿತ್ತು. ಗಟ್ಟದಲ್ಲಿ ಇದೇ ಕಹಿಯನ್ನು ಕಾಫಿ ಮೇಲೆ ಕುಡಿಸುತ್ತಿದ್ದರು, ಅದರ ಜತೆಗೆ ಇಳಿದುಹೋಗುತ್ತಿತ್ತು ಎಂದು ಒಮ್ಮೆ ನನ್ನ ಹತ್ತಿರ ಹೇಳಿದ. ನಾನು ಅದನ್ನು ಅತ್ತೆಗೆ ಹೇಳಿದೆ. ಅವಳು, “ನಿನ್ ಕೈಲಿ ಹೇಳುಸ್ತಾ ಅವ್ರಾ? ಪಥ್ಯ ಕೆಡ್ಸಾಕೆ ನೆಪ ಅದು,” ಎಂದಳು. ನಾನು ಸುಮ್ಮನಾದೆ. ಓದಿದವನು ನಾನು, ಸುಮ್ಮನಾದೆ.

ಲಕ್ಕಮ್ಮ ಬೀಜ ಹುರಿದ ದಿನ ಹೊಗೆ ಗೋಡೆ ದಾಟಿ ಬರುತ್ತಿತ್ತು. ಮಾವ ಮಲಗಿದ್ದಲ್ಲೇ ಮೂಗು ಅರಳಿಸುತ್ತಿದ್ದ. ಅತ್ತೆ ಹೋಗಿ ಲಕ್ಕಮ್ಮನ ಜತೆ ಜಗಳ ತೆಗೆದು ಅದನ್ನೂ ನಿಲ್ಲಿಸಿದಳು.

ನಲವತ್ತೊಂದನೇ ದಿನ ಬೆಳಗ್ಗೆ ನಾನು ಶಾಲೆಗೆ ಹೋಗುವ ಮುಂಚೆ ನೋಡಲು ಹೋಗಿದ್ದೆ. ಮಾವನ ದನಿ ಕೆಳಗಿಳಿದಿತ್ತು. “ಒಂದೇ ಗುಟುಕು ಓಬೀ. ನಾಲಿಗೆಗೆ ತಾಗುಸ್ಬುಡು,” ಎಂದ. ಅತ್ತೆ ಅವನ ಕಾಲು ಒತ್ತುತ್ತ, “ಇನ್ನು ಏಳೇ ದಿನ. ಮಂಡ್ಲ ಮುಗೀಲಿ, ಒಂದು ಚರಿಗೆ ತುಂಬ ಕಾಸ್ಕೊಡ್ತೀನಿ,” ಎಂದಳು. ಅವನು ನನ್ನನ್ನು ನೋಡಿ ಸ್ವಲ್ಪ ನಕ್ಕ. ಅಂದು ಮಧ್ಯಾಹ್ನ ತೀರಿಕೊಂಡ.

ಅತ್ತೆ ಅಳಲಿಲ್ಲ. ಜನ ಅದನ್ನು ಹೊಗಳಿದರು. ನಲವತ್ತೊಂದು ದಿನ ಒಂದು ತೊಟ್ಟು ಕೊಡಲಿಲ್ಲವಂತೆ, ಹೆಂಗಸೆಂದರೆ ಅವಳು ಎಂದರು. ಬದುಕಿಸಲು ತನ್ನ ಕೈಲಾದದ್ದನ್ನೆಲ್ಲ ಮಾಡಿದೆ ಎನ್ನುವುದೊಂದೇ ಅವಳಿಗೆ ಆಮೇಲೆ ಊಟ, ನಿದ್ದೆ, ಎಲ್ಲ. ಬರಬರುತ್ತ ಊರಿನಲ್ಲಿ ಯಾರು ಕಾಯಿಲೆ ಬಿದ್ದರೂ ಪಥ್ಯ ಕಾಯಲು ಅವಳನ್ನೇ ಕರೆಯತೊಡಗಿದರು. ಮನೆಯವರ ಮನಸ್ಸು ಕರಗುತ್ತದೆ, ಓಬಕ್ಕನದು ಕರಗುವುದಿಲ್ಲ. ಜ್ವರದ ಮಕ್ಕಳಿಗೆ ಮಜ್ಜಿಗೆ ಇಲ್ಲ, ಬಾಣಂತಿಯರಿಗೆ ನೀರಿಲ್ಲ. ಅವಳು ಹಾಸಿಗೆ ಪಕ್ಕ ಕೂತಳೆಂದರೆ ರೋಗಿ ಕೇಳುವುದನ್ನೇ ಬಿಡುತ್ತಿದ್ದ. ಹೀಗೆ ಒಂಬತ್ತು ವರ್ಷ ಕಳೆಯಿತು. ಆ ಗಾದೆ ಹುಟ್ಟಿದ್ದು ಆಗಲೇ.

ನಲವತ್ತಮೂರರಲ್ಲಿ ಅತ್ತೆಗೆ ತಲೆನೋವು ಹತ್ತಿಕೊಂಡಿತು. ಶುಂಠಿ ಅರೆದು ಹಚ್ಚಿ ಸಾಕಾಗಿ, ನಾನೇ ಬಲವಂತ ಮಾಡಿ ಕೊರಟಗೆರೆಗೆ ಕರೆದುಕೊಂಡು ಹೋದೆ. ಅದೇ ಅಂಗಡಿ, ಅದೇ ನಾಗಲಿಂಗಯ್ಯ, ಹಲ್ಲು ಮಾತ್ರ ಉದುರಿದ್ದವು. ಪುಡಿ ಪೊಟ್ಟಣ ಕಟ್ಟಿ ಕೊಟ್ಟರು. ಅತ್ತೆ ಪಥ್ಯ ಕೇಳಿದಳು.

“ಬದನೆಕಾಯಿ ಬಿಡಿ.”

“ಕಾಫಿ ಕುಡಿಯಾಕಿಲ್ಲ ನಾನು. ಆವಾಗ್ಲೇ ಬುಟ್ಟೆ.”

“ಯಾಕೆ ಬಿಟ್ಟಿರಿ? ತಲೆನೋವಿಗೆ ಒಳ್ಳೇದೇ ಅದು. ಬೆಳಗ್ಗೆ ಒಂದು ಲೋಟ ಕುಡೀರಿ.”

ಅತ್ತೆ ಅವರನ್ನೇ ನೋಡಿದಳು. “ಮದ್ದು ತಗಳ್ಳೋವಾಗ ಕಾಫಿ ವಿಷ ಆಗಾಕಿಲ್ವಾ ಸ್ವಾಮಿ? ನಮ್ಮ ಯಜಮಾನ್ರಿಗೆ ನೀವೇ ಬ್ಯಾಡ ಅಂದಿದ್ರಿ. ಜ್ವರಗಡ್ಡೆ ಆಗಿತ್ತು. ಗಾಡೀಲಿ ತಂದಿದ್ವಿ.”

ಅವರಿಗೆ ನೆನಪಾಗಲಿಲ್ಲ. ಯಾಕೆ ಆಗಬೇಕು, ದಿನಕ್ಕೆ ಎಷ್ಟು ಗಾಡಿ ಬರುತ್ತಿದ್ದವೋ. ಅತ್ತೆಯನ್ನು ಬಿಟ್ಟು ನನ್ನ ಕಡೆ ತಿರುಗಿ, ಓದಿದವರು ಓದಿದವರ ಹತ್ತಿರ ಮಾತಾಡುವ ಹಾಗೆ, “ಏನು ಮಾಡೋದು ಹೇಳಿ ಮೇಷ್ಟ್ರೇ. ಪಥ್ಯ ಇಲ್ಲ ಅಂದ್ರೆ ನಮ್ಮ ಜನ ಔಷಧಾನೇ ನಂಬೋಲ್ಲ, ಸೀಸೆ ಬಿಸಾಕಿ ಹೋಗ್ತಾರೆ. ಅದಕ್ಕೇ ಏನೋ ಒಂದು ಹೇಳಿರ್ತೀನಿ. ಒಬ್ಬರಿಗೆ ಬದನೆಕಾಯಿ, ಒಬ್ಬರಿಗೆ ಕುಂಬಳಕಾಯಿ,” ಎಂದರು. ಆಮೇಲೆ, ಸಮಾಧಾನಕ್ಕೆಂದೇ ಇರಬೇಕು, “ಗಡ್ಡೆ ಅಷ್ಟು ಬೆಳೆದಿದ್ದರೆ ಏನು ಕೊಟ್ಟರೂ ಒಂದೇ ಬಿಡಿ,” ಎಂದರು.

ನನಗೆ ಆ ಗಾಜಿನ ಬೀರುವನ್ನು ಒಡೆದುಹಾಕಬೇಕು ಅನ್ನಿಸಿತು. ಒಡೆಯಲಿಲ್ಲ. ಅವರು ಕೆಟ್ಟವರಾಗಿರಲಿಲ್ಲ ಎನ್ನುವುದೇ ನನ್ನ ಸಿಟ್ಟಿಗೆ ನೆಲೆಯಿಲ್ಲದ ಹಾಗೆ ಮಾಡಿತು. ಅತ್ತೆ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಹೊರಗೆ ಬಂದಳು. ಗಾಡಿ ಊರ ಕೆರೆ ಏರಿಗೆ ಬಂದ ಮೇಲೆ, “ನಾನೇ ಹೋಗಿ ಕೇಳಿದ್ದು,” ಎಂದಳು. ಅಂದಿನಿಂದ ಪಥ್ಯ ಕಾಯಲು ಕರೆಯಲು ಬಂದವರಿಗೆ ಮೈ ಸರಿಯಿಲ್ಲ ಎಂದು ಹೇಳಿ ಕಳಿಸುತ್ತಿದ್ದಳು.

ನಾಲ್ಕು ತಿಂಗಳಿಗೆ ಪಕ್ಕದ ಮನೆಯ ಲಕ್ಕಮ್ಮ ಮಲಗಿದಳು. ಮೈಯೆಲ್ಲ ಬಾವು ಬಂದು ಮೇಲುಸಿರು ಹತ್ತಿತ್ತು. ಪಟ್ಟನಾಯಕನಹಳ್ಳಿ ಕಡೆಯ ಪಂಡಿತರ ಮದ್ದು. ಉಪ್ಪು ಬೇಡ, ಕಾಫಿ ಬೇಡ. ಅವಳ ಮಗ ಕೆಂಪಯ್ಯ ಬಂದು, “ಅಕ್ಕಯ್ಯಾ, ಅವ್ವ ಕಾಫಿ ಕಾಫಿ ಅಂತ ಪ್ರಾಣ ತಿಂತಾ ಅವ್ಳೆ. ನೀನು ಒಸಿ ಬಂದು ಕುಂತ್ಕೋ,” ಎಂದ. ನಾನು ಅಲ್ಲೇ ಜಗಲಿಯ ಮೇಲೆ ಕೂತಿದ್ದೆ. ಇಲ್ಲವೆನ್ನುತ್ತಾಳೆ ಅಂದುಕೊಂಡೆ. ಅತ್ತೆ ಎದ್ದು ಹೋದಳು. ನಾನೂ ಹೋದೆ.

ಅವಳನ್ನು ನೋಡಿದ್ದೇ ಲಕ್ಕಮ್ಮ ಬಾಯಿ ಮುಚ್ಚಿ ಗೋಡೆ ಕಡೆ ತಿರುಗಿದಳು. ಅತ್ತೆ ಹಾಸಿಗೆ ಪಕ್ಕ ಕೂರಲಿಲ್ಲ. ನೇರ ಒಲೆಯ ಹತ್ತಿರ ಹೋಗಿ ನೀರಿಟ್ಟಳು.

“ಪಥ್ಯ ಕೆಡ್ತದಲ್ಲ ಅಕ್ಕಯ್ಯ,” ಎಂದ ಕೆಂಪಯ್ಯ.

“ಕೆಟ್ರೆ ನನ್ ತಲೆ ಮ್ಯಾಲಿರ್ಲಿ.”

ಕಾಸಿದಳು, ಸೋಸಿದಳು, ಆರಿಸಿದಳು. ಲಕ್ಕಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಲೋಟವನ್ನು ತುಟಿಗೆ ಹಿಡಿದಳು. ಲಕ್ಕಮ್ಮ ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿ ಇನ್ನೊಂದು ಕುಡಿದಳು. “ಸಾಕು ಕಣವ್ವ,” ಎಂದು ಲೋಟವನ್ನು ಕೈಯಿಂದ ಸರಿಸಿದಳು.

“ಇನ್ನೊಸಿ ಕುಡಿ,” ಎಂದಳು ಅತ್ತೆ.

“ಬ್ಯಾಡ. ತೃಪ್ತಿ ಆಯ್ತು.”

ಅತ್ತೆ ಲೋಟದೊಳಗೆ ನೋಡಿದಳು. ಮುಕ್ಕಾಲು ಹಾಗೇ ಇತ್ತು. ಲಕ್ಕಮ್ಮನ ತಲೆಯನ್ನು ಮೆಲ್ಲಗೆ ದಿಂಬಿಗೆ ಇಳಿಸಿ, ಲೋಟ ಹಿಡಿದುಕೊಂಡೇ ಹೊರಗೆ ಬಂದು ಜಗಲಿಯ ಮೇಲೆ ಕುಸಿದಳು. ಮಾವ ಸತ್ತ ದಿನ ಬಾರದ ಅಳು ಆಗ ಬಂತು. ಬೀದಿಯ ಜನ ಬಾಗಿಲಿಗೆ ಬಂದರು, ಲಕ್ಕಮ್ಮ ಹೋದಳೆಂದುಕೊಂಡು. ನಾನು ಅತ್ತೆಯ ಭುಜ ಹಿಡಿದು ಕೂತೆ.

“ಎಲ್ಡೇ ಗುಟುಕು ಕಣ್ಲಾ ಹನುಮ,” ಎಂದಳು. “ಅವ್ರೂ ಅಷ್ಟೇ ಕುಡೀತಿದ್ರೇನೋ.”