ಮೇಲಿನ ಹಲ್ಲು, ಅಕ್ಕನ ಕಣ್ಣು

ಹೋದ ತಿಂಗಳು ಕನಕಪುರದ ಒಂದು ಡೆಂಟಲ್ ಕ್ಲಿನಿಕ್ಕಿನಲ್ಲಿ ನಮ್ಮಕ್ಕ ಜಯಮ್ಮ ಡಾಕ್ಟರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಳು. ಇಂಜೆಕ್ಷನ್ ಇದ್ದ ಕೈ!

"ಮೊದ್ಲು ನನ್ನ ಮಾತಿಗೆ ಉತ್ರ ಹೇಳವ್ವ. ಆಮೇಲೆ ಚುಚ್ಚೀಯಂತೆ."

ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ನಾನು ಬೆವರಿಹೋದೆ. (ಹಲ್ಲು ಅವಳದು, ಬೆವರು ನನ್ನದು. ಯಾಕೆ ಅಂತ ಕೇಳಬೇಡಿ. ಆರು ತಿಂಗಳಿಂದ ನಾನು ಬಲಗಡೆ ಏನನ್ನೂ ಅಗಿದಿಲ್ಲ. ಮುದ್ದೆ ನುಂಗುವ ಊರಿನವನಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.)

ಅಕ್ಕನ ಮನೆ ಸಾತನೂರಿನ ಪಕ್ಕದ ಹಳ್ಳಿಯಲ್ಲಿ. ರೇಷ್ಮೆ ಹುಳ ಸಾಕುವ ಮನೆ. ಸೊಪ್ಪು ತಿಂದು ತಿಂದು ದಪ್ಪಗಾದ ಹುಳ ಒಂದು ದಿನ ತಿನ್ನುವುದನ್ನು ಬಿಡುತ್ತದೆ. ಮೈ ತಿಳಿಯಾಗಿ ಸ್ವಲ್ಪ ಹಳದಿಗೆ ತಿರುಗುತ್ತದೆ. ಇದಕ್ಕೆ ಹುಳ ಹಣ್ಣಾಗುವುದು ಅನ್ನುತ್ತಾರೆ. ಸಾವಿರಾರು ಹುಳಗಳ ನಡುವೆ ಹಣ್ಣಾದದ್ದನ್ನು ಮಾತ್ರ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಬೇಗ ಆರಿಸಿದರೆ ಗೂಡು ತೆಳು. ತಡವಾದರೆ ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ಹಾಳುಮಾಡುತ್ತವೆ. ಅಕ್ಕ ಒಂದು ಸಲ ಕಣ್ಣಾಡಿಸಿದರೆ ಸಾಕು, ಕೈ ತಾನಾಗಿ ಸರಿಯಾದ ಹುಳಕ್ಕೇ ಹೋಗುತ್ತದೆ. ಭಾವನಿಗಾಗಲಿ, ಮಕ್ಕಳಿಗಾಗಲಿ, ಬಿ.ಎಸ್ಸಿ. ಓದಿದ ನನಗಾಗಲಿ ಆ ಕಣ್ಣಿಲ್ಲ.

ನಾನು ಆವತ್ತು ಹೋದಾಗ ಅವಳ ಕೆನ್ನೆ ಊದಿಕೊಂಡಿತ್ತು. ಇನ್ನು ನಾಲ್ಕೇ ದಿನಕ್ಕೆ ಹುಳ ಹಣ್ಣಾಗುವುದಿತ್ತು.

"ಲವಂಗದ ಎಣ್ಣೆಯಾದರೂ ಹಚ್ಚಬಾರದಾ ಅಕ್ಕ?"

"ಹುಳಿನ ಮನೇಲಿ ಘಾಟು ವಾಸ್ನೆ ಆಯ್ತದೇನ್ಲಾ? ಸೊಪ್ಪು ಮುಟ್ದೆ ಮಲೀಕಂಬುಡ್ತವೆ!"

"ಹಾಗಾದರೆ ಕೀಳಿಸು."

"ಮೇಲಿನ ಹಲ್ಲು ಕಣ್ಲಾ. ಕಿತ್ರೆ ಕಣ್ಣು ಹೋಯ್ತದೆ."

ನೋಡಿದಿರಾ? ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿರುತ್ತಾರೆ. ಅಕ್ಕನ ಹತ್ತಿರ ಸಾಕ್ಷಿಯೂ ಇತ್ತು. ವಿರೂಪಾಕ್ಷಿಪುರದಲ್ಲಿರುವ ನಮ್ಮ ಸೋದರತ್ತೆ ಮೇಲಿನ ಹಲ್ಲು ಕೀಳಿಸಿದ ವರ್ಷವೇ ಅವರ ಕಣ್ಣು ಮಂಜಾಯಿತು. ನಾಲ್ಕು ವರ್ಷದಿಂದ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಾರೆ.

ನಗಬೇಕು ಅನಿಸಿತು. ಆದರೆ ಅಕ್ಕನ ಮುಂದಿನ ಮಾತು ನಗಲು ಬಿಡಲಿಲ್ಲ.

"ಈ ಕಣ್ಣಿಂದ್ಲೇ ಈ ಮನೆ ನಿಂತೈತೆ. ಅದು ಹೋದ್ರೆ ನಾನ್ಯಾತಕ್ಕೆ ಬತ್ತೀನಿ?"

'ಬರೀ ತೋರಿಸಿಕೊಂಡು ಬರೋಣ' ಎಂದು ಸುಳ್ಳು ಹೇಳಿ ಬಸ್ಸು ಹತ್ತಿಸಿದೆ.

ಕ್ಲಿನಿಕ್ಕಿನಲ್ಲಿ ಹಲ್ಲು ನೋವಿನವರಿಗಿಂತ ಅನುಮಾನದವರೇ ಜಾಸ್ತಿ. ಮಾಗಡಿ ಕಡೆಯ ಕಲ್ಯದಿಂದ ಮಗಳ ಮನೆಗೆ ಬಂದಿದ್ದ ಯಜಮಾನರೊಬ್ಬರು ಬಾಗಿಲಲ್ಲೇ ಕೇಳುತ್ತಿದ್ದರು, "ಕ್ಲೀನ್ ಮಾಡ್ಸಿದ್ರೆ ಹಲ್ಲು ಸಡ್ಲ ಆಯ್ತವಂತಲ್ಲ ಮೇಡಂ?" ಅಷ್ಟು ದಿನ ಹಲ್ಲಿನ ಸಂದಿಗೆ ಮೆತ್ತಿಕೊಂಡಿದ್ದ ಪಾಚಿ ಹೋದಾಗ ಹಾಗೆ ಅನಿಸುತ್ತೆ, ಹಲ್ಲಿಗೇನೂ ಆಗಲ್ಲ ಎಂದರು ಡಾಕ್ಟರು. ಅಕ್ಕನ ಮಗಳ ವಯಸ್ಸಿನವರು. ಸಿಡುಕಿಲ್ಲ, ಅವಸರವಿಲ್ಲ.

ಅಕ್ಕನ ಎಕ್ಸ್‌ರೇ ಆಯಿತು, ಬಿಪಿ ನೋಡಿದ್ದಾಯಿತು. ಬೇರಿನಲ್ಲಿ ಕೀವು, ಉಳಿಸೋಕೆ ಆಗಲ್ಲ, ಬಿಟ್ಟರೆ ಸೋಂಕು ಹರಡುತ್ತೆ ಎಂದರು. ಅಕ್ಕ ಅನುಮಾನದಲ್ಲೇ ಕುರ್ಚಿಗೆ ಒರಗಿದಳು. ಇಂಜೆಕ್ಷನ್ ಕಣ್ಣಿಗೆ ಬಿದ್ದದ್ದೇ ತಡ, ನಾನು ಶುರುವಿನಲ್ಲಿ ಹೇಳಿದ ಕೈ ಹಿಡಿಯುವ ಪ್ರಸಂಗ ನಡೆದುಹೋಯಿತು.

ಸೋದರತ್ತೆಯ ಕಥೆಯನ್ನು ಡಾಕ್ಟರು ಪೂರ್ತಿ ಕೇಳಿದರು.

"ಆಗ ಅವರ ವಯಸ್ಸೆಷ್ಟು?"

"ಎಪ್ಪತ್ತು."

"ಕಣ್ಣಿನ ಡಾಕ್ಟರಿಗೆ ತೋರಿಸಿದ್ರಾ?"

"ಯಾಕೆ ತೋರ್ಸಾನ? ಹಲ್ಲಿಂದ ಆಗಿದ್ದು ಅಂತ ಎಲ್ರಿಗೂ ಗೊತ್ತಿತ್ತಲ್ಲ."

"ಪೊರೆ ಬಂದಿರಬಹುದಮ್ಮ. ಆ ವಯಸ್ಸಿಗೆ ತುಂಬ ಜನಕ್ಕೆ ಬರುತ್ತೆ. ಹಲ್ಲಿನ ನರ ಬೇರೆ, ನೋಡೋ ನರ ಬೇರೆ. ಹಲ್ಲು ಕಿತ್ತರೆ ಕಣ್ಣು ಹೋಗಲ್ಲ."

ಅಕ್ಕ ಕೈ ಬಿಡಲಿಲ್ಲ. ಡಾಕ್ಟರಾದವರು ಇನ್ನೇನು ಹೇಳ್ತಾರೆ ಅನ್ನುವ ಮುಖ. ಎರಡನೇ ಪ್ರಶ್ನೆ ಎಸೆದಳು.

"ಸರಿ. ನಿನ್ ಔಷ್ದಿ ವಾಸ್ನೆ ಮೈಗೆ ಅಂಟ್ಕಂಡು ಬತ್ತದಲ್ಲ, ನಮ್ ಹುಳುಗ್ ಏನಾದ್ರೂ ಆಯ್ತದಾ?"

ಡಾಕ್ಟರು 'ಏನೂ ಆಗಲ್ಲ' ಅಂದಿದ್ದರೆ ಕೆಲಸ ಸಲೀಸಾಗುತ್ತಿತ್ತು ಅಲ್ಲವೇ? ಅವರು ಹಾಗನ್ನಲಿಲ್ಲ.

"ಹುಳದ ವಿಷಯ ನನಗೆ ಗೊತ್ತಿಲ್ಲಮ್ಮ. ಮನೆಗೆ ಹೋಗಿ ಸ್ನಾನ ಮಾಡಿ, ಸೀರೆ ಬದಲಾಯಿಸಿ ಆಮೇಲೆ ಹುಳದ ಹತ್ತಿರ ಹೋದರೆ ಸಾಕಾಗುತ್ತಾ? ಅದನ್ನ ನೀವೇ ನನಗೆ ಹೇಳಬೇಕು."

ಅಕ್ಕ ಕೈ ಬಿಟ್ಟಳು. "ಸಾಕಾಯ್ತದೆ ಬುಡು" ಎಂದು ಬಾಯಿ ತೆರೆದಳು.

ಅದು ಹೇಗೆ ಒಪ್ಪಿಬಿಟ್ಟೆ? ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ. ಅವಳ ಬಾಯಲ್ಲಿ ಹತ್ತಿ, ಮಾತಾಡುವಂತಿಲ್ಲ. ಅಂಗೈ ಒಡ್ಡಿ, ತಡಿ ಎಂದು ಸನ್ನೆ ಮಾಡಿದಳು. ಒಂದು ಕಣ್ಣು ಮುಚ್ಚಿ ಎದುರಿನ ತಂತಿಯ ಮೇಲಿದ್ದ ಕಾಗೆಗಳನ್ನು ಎಣಿಸಿ ಬೆರಳಲ್ಲಿ ತೋರಿಸಿದಳು. ಏಳು. ಇನ್ನೊಂದು ಕಣ್ಣು ಮುಚ್ಚಿದಳು. ಏಳು. ನಾನೂ ಎಣಿಸಿದೆ. ಏಳೇ! ಹತ್ತಿ ತೆಗೆದ ಮೇಲೆ ಉತ್ತರ ಬಂತು.

"ಗೊತ್ತಿಲ್ದಿದ್ದನ್ನ ಗೊತ್ತಿಲ್ಲ ಅಂದ್ಲು ಕಣ್ಲಾ ಆ ಮಗ. ಅಂತೋಳು ಗೊತ್ತಿರೋದ್ರಲ್ಲಿ ಸುಳ್ಳು ಹೇಳ್ತಾಳಾ?"

ನಾನು ಓದಿದ ವಿಜ್ಞಾನವೆಲ್ಲ ಸೇರಿ ಮಾಡಲಾಗದ್ದನ್ನು ಒಂದು 'ಗೊತ್ತಿಲ್ಲ' ಮಾಡಿತ್ತು. ನಾವು ಎಷ್ಟು ಸಲ ಈ ಮಾತನ್ನು ಧೈರ್ಯವಾಗಿ ಹೇಳುತ್ತೇವೆ?

ನಾಲ್ಕನೇ ದಿನ ಹುಳ ಹಣ್ಣಾದವು. ನೋಡಲೇಬೇಕು ಅಂತ ರಜೆ ಹಾಕಿ ಹೋದೆ. ಕೆನ್ನೆಯ ಊತ ಇಳಿದಿತ್ತು. ಅಕ್ಕ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಕೈ ಓಡುತ್ತಿತ್ತು, ಒಂದೂ ತಪ್ಪಲಿಲ್ಲ. ನಾನೂ ಒಂದು ಹುಳ ಎತ್ತಿದೆ. ಆಕಡೆ ತಿರುಗಿದ್ದವಳು ಅದು ಹೇಗೆ ನೋಡಿದಳೋ, "ಅದಿನ್ನೂ ಎಳೇದು, ಮಡಗ್ಲಾ" ಅಂದಳು. ಸಾಯಂಕಾಲದ ಹೊತ್ತಿಗೆ ಚಂದ್ರಿಕೆಗಳೆಲ್ಲ ತುಂಬಿದವು. ನನಗಂತೂ ಶಿಳ್ಳೆ ಹೊಡೆಯುವಷ್ಟು ಖುಷಿಯಾಯಿತು. (ಹೊಡೆದೆ ಕೂಡ.)

ಅಕ್ಕ ಅಲ್ಲಿಗೇ ನಿಲ್ಲಲಿಲ್ಲ. ವಿರೂಪಾಕ್ಷಿಪುರಕ್ಕೆ ಫೋನ್ ಮಾಡಿ, "ಅತ್ತೇನ ಕಣ್ಣಾಸ್ಪತ್ರೆಗೆ ಕರ್ಕಂಡೋಗಿ, ಅದು ಹಲ್ಲಿಂದ ಆಗಿದ್ದಲ್ಲ" ಎಂದು ಜಗಳವಾಡಿದಳು. ಕರೆದುಕೊಂಡು ಹೋದರು. ಪೊರೆಯೇ! ಒಂದು ಕಣ್ಣಿಗೆ ಆಪರೇಷನ್ ಆಯಿತು. ಇನ್ನೊಂದಕ್ಕೆ ಮುಂದಿನ ತಿಂಗಳು. ಗೋಡೆ ಹಿಡಿಯದೆ ನಡೆದುಬಂದ ಅತ್ತೆ ಮೊನ್ನೆ ಭಾನುವಾರ ಅಕ್ಕನ ಹೊಸಿಲು ದಾಟಿದರು. ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಎಷ್ಟ್ ಬೆಳ್ಳಗಾಗವೆ ಮಗಾ ಕೂದ್ಲು!" ಅಂದರು. ಬಂದದ್ದು ದೂರು, ಆದರೆ ಮನೆಯವರೆಲ್ಲ ಕೈತಟ್ಟಿದೆವು.

ಅತ್ತೆ ಬಂದ ಖುಷಿಗೆ ಅವತ್ತು ನಾಟಿ ಕೋಳಿ ಸಾರು. ನಾನು ತಲೆ ತಗ್ಗಿಸಿ ಊಟ ಮಾಡುತ್ತಿದ್ದೆ. ಸಾರು ಬಡಿಸಲು ಬಂದ ಅಕ್ಕ, ಸೌಟು ಕೈಯಲ್ಲೇ ಹಿಡಿದು ಹಣ್ಣಾದ ಹುಳ ನೋಡುವ ಅದೇ ಕಣ್ಣಲ್ಲಿ ನನ್ನ ಮುಖ ನೋಡುತ್ತ ನಿಂತಳು.

"ಏನ್ಲಾ, ಎಲ್ಲಾನೂ ಎಡಗಡೇಲೇ ಅಗೀತಿದ್ದೀಯಲ್ಲ, ಯಾಕೆ?"