ಸಹ ಅರ್ಜಿದಾರರ ಕಾಲಂ

ಫೆಬ್ರವರಿ ಒಂಬತ್ತು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಚಾಂದ್‌ಖೇಡಾದ ಬ್ಯಾಂಕ್ ಶಾಖೆ. ಹಾಜರಿದ್ದವರು ಇಬ್ಬರು: ನಾನು ಮತ್ತು ಸಾಲ ವಿಭಾಗದ ಅಧಿಕಾರಿ. ಅವರು ಧಾರವಾಡದ ಕಡೆಯವರು, ವರ್ಗವಾಗಿ ಬಂದು ಎರಡು ವರ್ಷ. ನಾನು ಮೈಸೂರು ಬಿಟ್ಟು ಅಹಮದಾಬಾದಿಗೆ ಬಂದು ನಲವತ್ತೊಂದು ವರ್ಷ.

ನನ್ನ ಫ್ಲ್ಯಾಟಿನ ಕೆಳಗೆ, ಹಿಟ್ಟಿನ ಗಿರಣಿಯ ಪಕ್ಕದ ಮಳಿಗೆ ಖಾಲಿಯಾಗಿತ್ತು. ಅಲ್ಲಿ ಒಂದು ಕೊರಿಯರ್ ಕಂಪನಿಯ ಫ್ರಾಂಚೈಸಿ ತೆಗೆದುಕೊಂಡು ಕೌಂಟರ್ ಇಡಬೇಕೆಂದು ನಿರ್ಧರಿಸಿದ್ದೆ. ಸಂಪಾದನೆಗಲ್ಲ; ಊಟಕ್ಕೆ, ಔಷಧಿಗೆ ಪಿಂಚಣಿ ಸಾಕು. ಸಂಶೋಧನಾ ಸಂಸ್ಥೆಯೊಂದರ ಉಗ್ರಾಣದಲ್ಲಿ ಮೂವತ್ತೈದು ವರ್ಷ ಕೌಂಟರಿನ ಹಿಂದೆ ಕೂತವಳು ನಾನು. ದಿನವಿಡೀ ಜನ ಬಂದು ಏನಾದರೊಂದು ಕೇಳುತ್ತಿದ್ದರು. ಈಗ ಐದಕ್ಕೆ ಏಳುತ್ತೇನೆ, ಆರಕ್ಕೆ ನಡಿಗೆ, ಎಂಟಕ್ಕೆ ತಿಂಡಿ, ಎಲ್ಲವೂ ಹೊತ್ತಿಗೆ ಸರಿಯಾಗಿ. ಆದರೆ ಕೆಲವು ದಿನ ಸಂಜೆ ಹಾಲಿನ ಅಂಗಡಿಯಲ್ಲಿ ಬಾಯಿ ತೆರೆದಾಗ, ಬೆಳಗಿನಿಂದ ನಾನಾಡಿದ ಮೊದಲ ಮಾತು ಅದು ಎಂದು ತಿಳಿಯುತ್ತದೆ. ಪಾರ್ಸೆಲ್ ತರುವವರು ತೂಕ ಹಾಕುವಷ್ಟು ಹೊತ್ತಾದರೂ ನಿಲ್ಲುತ್ತಾರೆ. ಎಲ್ಲಿಗೆ, ಯಾರಿಗೆ ಎಂದು ಕೇಳುವುದು ಅಲ್ಲಿ ಕೆಲಸದ ಭಾಗ.

ಇಂಥದ್ದಕ್ಕೆ ಅಡವಿಲ್ಲದೆ, ಸರ್ಕಾರದ ಖಾತರಿಯ ಮೇಲೆ ಸಾಲ ಸಿಗುತ್ತದೆ ಎಂದು ಓದಿದ್ದೆ. ಫೈಲು ಸಿದ್ಧಮಾಡಲು ಹನ್ನೊಂದು ದಿನ ಹಿಡಿಯಿತು. ಕಂಪನಿಯ ಒಪ್ಪಿಗೆ ಪತ್ರ, ಮಳಿಗೆಯ ಕರಾರು, ಉದ್ಯಮ ನೋಂದಣಿ, ಯೋಜನಾ ವರದಿ, ಎಲ್ಲಕ್ಕೂ ಎರಡೆರಡು ಪ್ರತಿ.

ಅಧಿಕಾರಿ ಪುಟ ತಿರುಗಿಸುತ್ತ ಹೋದರು. "ಅಮ್ಮಾರ, ಇಂಥಾ ಫೈಲ್ ನಮ್ಮ ಆಡಿಟ್‌ನವರಿಗೂ ಮಾಡಾಕ ಬರಂಗಿಲ್ಲ ನೋಡ್ರಿ," ಎಂದರು. ಮೂರನೇ ಪುಟದಲ್ಲಿ ಬೆರಳು ನಿಂತಿತು. "ಇದೇನ್ರಿ ಗೆರಿ?"

ಅದು ಸಹ ಅರ್ಜಿದಾರರ ಕಾಲಂ. ಅಡ್ಡಲಾಗಿ ಗೆರೆ ಎಳೆದು, ತುದಿಯಲ್ಲಿ ಸಹಿ ಹಾಕಿದ್ದೆ. ಖಾಲಿ ಕಾಲಂ ಇರುವ ಬೇಡಿಕೆ ಚೀಟಿಯನ್ನು ಉಗ್ರಾಣದಲ್ಲಿ ನಾನು ಎಂದೂ ತೆಗೆದುಕೊಂಡವಳಲ್ಲ. ಖಾಲಿ ಬಿಟ್ಟರೆ ಆಮೇಲೆ ಯಾರಾದರೂ ಏನಾದರೂ ಸೇರಿಸಬಹುದು.

"ಯಾರೂ ಇಲ್ಲ. ಅದಕ್ಕೇ ಹೊಡೆದೆ."

"ಇಲ್ಲೇ ಯಾರರೆ ಬೇಕಾಗಿತ್ತಲ್ರಿ. ನಿಮಗ ಅರವತ್ತಾರು. ಸಾಲ ಐದು ವರ್ಷದ್ದು. ನಮ್ಮ ಬ್ಯಾಂಕಿನ್ಯಾಗ ಎಪ್ಪತ್ತರೊಳಗ ತೀರಬೇಕು. ಇಲ್ಲಾಂದ್ರ ಮನಿಯವರು ಯಾರರೆ ಸಣ್ಣ ವಯಸ್ಸಿನವರು ಜೋಡಿ ಸಹಿ ಮಾಡಬೇಕು."

"ಖಾತರಿ ಸರ್ಕಾರಾನೇ ಕೊಡುತ್ತಲ್ಲ?"

"ಅದು ನಮಗ ಕೊಡೂದ್ರಿ, ನಿಮಗಲ್ಲ."

"ಹಾಗಾದ್ರೆ ಮೂರೇ ವರ್ಷಕ್ಕೆ ತೀರಿಸ್ತೀನಿ."

"ನೀವ ಬರದ ವರದಿ ಹೇಳತೈತಲ್ರಿ, ಕೌಂಟರಿನ ಗಳಿಕಿಗೆ ಅಷ್ಟು ದೊಡ್ಡ ಕಂತು ಕೂಡಂಗಿಲ್ಲ."

ನನ್ನ ವರದಿಯಲ್ಲಿ ತಪ್ಪಿರಲಿಲ್ಲ. ಒಪ್ಪಬೇಕಾಯಿತು.

ಅವರು ಡ್ರಾಯರಿನಿಂದ ಹೊಸ ಅರ್ಜಿ ತೆಗೆದು ಕೊಟ್ಟರು. "ಇದರಾಗ ಗೆರಿ ಹೊಡೀಬ್ಯಾಡ್ರಿ. ಕಂಪನಿಯವರು ಶನಿವಾರದ ತನಕಾ ಕಾಯ್ತಾರಂತ ಪತ್ರದಾಗ ಐತಿ, ಅದರೊಳಗ ತರ್ರಿ." ಫೈಲನ್ನು ನನಗೆ ಹಿಂದಿರುಗಿಸುತ್ತ, "ನನ್ನ ಹೆಂಡ್ತಿ ಮಕ್ಕಳೂ ಹುಬ್ಬಳ್ಯಾಗ ಅದಾರ್ರಿ. ನಿಮ್ಮ ಕೌಂಟರ್ ಆದ್ರ ದೀಪಾವಳಿ ಪಾರ್ಸೆಲ್ ನಿಮ್ಮ ಕಡೀನ," ಎಂದರು.

"ತೂಕ ಗ್ರಾಂ ಬಿಡದೆ ಹಾಕ್ತೀನಿ."

"ಅದ ಹೆದರಿಕಿ ನೋಡ್ರಿ," ಎಂದು ನಕ್ಕರು.

ಒಂದಕ್ಕೆ ಊಟ. ಎರಡರಿಂದ ನಾಲ್ಕರವರೆಗೆ ಹೊಸ ಅರ್ಜಿ ತುಂಬಿದೆ, ಆ ಕಾಲಂ ಬಿಟ್ಟು. ಮನೆಯವರು ಎಂದು ನನಗೆ ಉಳಿದಿರುವವಳು ವಡೋದರಾದಲ್ಲಿರುವ ತಂಗಿಯ ಮಗಳು. ತಂಗಿ ಹೋದ ಮೇಲೆ ತಿಂಗಳ ಮೊದಲ ಭಾನುವಾರ ಹತ್ತು ಗಂಟೆಗೆ ಅವಳಿಗೆ ಫೋನ್ ಮಾಡುತ್ತೇನೆ, ಆರೇಳು ನಿಮಿಷ. ಕೆಲಸದಿಂದ ಬಂದಿರುತ್ತಾಳೆಂದು ಲೆಕ್ಕ ಹಾಕಿ, ಆರೂವರೆಗೆ ಮಾಡಿದೆ.

"ದೊಡ್ಡಮ್ಮಾ? ಏನಾಯ್ತು? ಇವತ್ತು ಸಂಡೇ ಅಲ್ಲ."

"ಏನೂ ಆಗಿಲ್ಲ. ನಿನ್ನದೊಂದು ಸಹಿ ಬೇಕಿತ್ತು." ಬ್ಯಾಂಕಿನಲ್ಲಿ ನಡೆದದ್ದನ್ನು ಕ್ರಮವಾಗಿ ಹೇಳಿದೆ.

"ಶಾಪ್ ಯಾಕೆ ಬೇಕು ನಿಮಗೆ? ರೆಸ್ಟ್ ಮಾಡಿ ನಾ."

"ರೆಸ್ಟ್ ಶುರುವಾಗಿ ಆರು ವರ್ಷ ಆಯ್ತಮ್ಮ."

"ನಮ್ಮದೇ ಹೋಮ್ ಲೋನ್ ಇದೆ ದೊಡ್ಡಮ್ಮ. ಇವರನ್ನ ಕೇಳಿ ಹೇಳ್ತೀನಿ, ಫ್ರೈಡೇ. ಓಕೆ?"

ಹಿಂದಿನಿಂದ ಯಾರೋ ಗುಜರಾತಿಯಲ್ಲಿ ಕರೆದರು. ಬಂದೆ ಎಂದು ಅವಳು ಅದೇ ಭಾಷೆಯಲ್ಲಿ ಹೇಳಿದ್ದು ಕೇಳಿಸಿತು. ಒಟ್ಟು ಮೂರು ನಿಮಿಷ.

ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಮತ್ತೆ ಅರ್ಜಿ ಬಿಡಿಸಿದೆ. ಪೆನ್ನು ಬೇಡವೆನಿಸಿ ಪೆನ್ಸಿಲ್ ಚೂಪು ಮಾಡಿಕೊಂಡೆ. ಮದುವೆಯ ಮೇಲೆ ಅವಳು ಕಾಗದಪತ್ರಗಳಲ್ಲಿ ಯಾವ ಹೆಸರು ಇಟ್ಟುಕೊಂಡಿದ್ದಾಳೆ, ಮನೆ ನಂಬರ್ ಯಾವುದು, ಎಲ್ಲಿ ಕೆಲಸ, ಒಂದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅವಳು ಹುಟ್ಟಿದ ದಿನವನ್ನು ಮಾತ್ರ ಯಾರನ್ನೂ ಕೇಳಬೇಕಿರಲಿಲ್ಲ. ಅಂದು ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಹೊರಗೆ ಗಡಿಯಾರ ನೋಡುತ್ತ ನಿಂತಿದ್ದವಳು ನಾನೇ.

ಆ ಕಾಲಂನಲ್ಲಿ ಜನ್ಮದಿನಾಂಕದ ಎಂಟು ಚೌಕಗಳನ್ನು ಪೆನ್ಸಿಲಿನಲ್ಲಿ ತುಂಬಿದೆ. ಉಳಿದದ್ದನ್ನು ಖಾಲಿ ಬಿಟ್ಟು, ಎಂಟು ಗಂಟೆಗೆ ಫೈಲಿನ ದಾರ ಕಟ್ಟಿದೆ.